ಪಿಆರ್‌ಎಸ್ ಕೊಳ್ಳಬೇಕು ಅಂತಿದ್ದೀರಾ? ಮೊದಲು ಹಿಂದೆ ತಿರುಗಿಸಿ ನೋಡಿ

ಗಣೇಶನ ಹಬ್ಬದ ಕಾರ್ಯಕ್ರಮಗಳು ಮುಗಿಯುವ ಹೊತ್ತಿಗೆ ನಮ್ಮ ದಾವಣಗೆರೆಯ ಗಿಟಾರ್ ಹುಡುಗರ ಬೆರಳ ತುದಿ ಗಟ್ಟಿಯಾಗಿರುತ್ತದೆ, ಕೈಯಲ್ಲಿ ಒಂದಿಷ್ಟು ದುಡ್ಡೂ ಇರುತ್ತದೆ. ಆಗ ಶುರುವಾಗುತ್ತದೆ ಪ್ರಶ್ನೆ. "ಅಣ್ಣ, ಪಿಆರ್‌ಎಸ್ ತಗೊಳ್ಳೋಣ ಅಂತಿದ್ದೀನಿ. ಎಸ್‌ಇ ಸಾಕಾ? ಇನ್ನೆರಡು ವರ್ಷ ಕೂಡಿಟ್ಟು ಅಮೆರಿಕದ್ದೇ ತರಲಾ? ಇಲ್ಲ ಒಂದು ಸ್ಟ್ರಾಟ್ ತಗೊಂಡು ಬಿಡಲಾ?" ಪಿಆರ್‌ಎಸ್ ಅಂದರೆ ಪಾಲ್ ರೀಡ್ ಸ್ಮಿತ್ ಅನ್ನುವವರ ಎಲೆಕ್ಟ್ರಿಕ್ ಗಿಟಾರ್ ಕಂಪನಿ, ಎಸ್‌ಇ ಅದರ ಅಗ್ಗದ ಸಾಲು, ಸ್ಟ್ರಾಟ್ ಅಂದರೆ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್. ಈ ವರ್ಷ ನಾಲ್ಕು ಜನ ಕೇಳಿದರು. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ನಾಲ್ಕು ಜನರಿಗೂ ಅದನ್ನೇ ಹೇಳಿದೆ. ಐದನೆಯವರು ಕೇಳುವ ಮೊದಲು ಬರೆದಿಡುತ್ತಿದ್ದೇನೆ.

ನಾನು ಹದಿನಾರು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದೇನೆ. ಹಗಲು ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೆಕ್ಕ, ರಾತ್ರಿ ರಸಮಂಜರಿ. ಮೊದಲ ಆರು ವರ್ಷ ಸ್ಟ್ರಾಟ್ ಮಾದರಿಯ ಗಿಟಾರ್, ಆಮೇಲೆ ಎರಡು ವರ್ಷ ಗೆಳೆಯನ ಲೆಸ್ ಪಾಲ್ (ಗಿಬ್ಸನ್ ಕಂಪನಿಯ ಹೆಸರಾಂತ ಮಾದರಿ), ಈಗ ನನ್ನದೇ ಪಿಆರ್‌ಎಸ್ ಎಸ್‌ಇ ಕಸ್ಟಮ್ 24. ಪಿಆರ್‌ಎಸ್‌ನ ದುಬಾರಿ ಸಾಲಾದ, ಅಮೆರಿಕದಲ್ಲಿ ಮಾಡಿದ ಕೋರ್ ಗಿಟಾರನ್ನು ಬೆಂಗಳೂರಿನಲ್ಲಿ ಮೂರು ಸಲ ಗಂಟೆಗಟ್ಟಲೆ ನುಡಿಸಿದ್ದೇನೆ. ಈ ಮೂರೂ ಬಗೆಯನ್ನು ಕೈಯಲ್ಲಿ ಹಿಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಒಂದೇ. ಪಿಆರ್‌ಎಸ್ ಅಂದರೆ ಎಲ್ಲರೂ ಮುಂದಿನ ಮೈ ನೋಡುತ್ತಾರೆ, ಹುಲಿಪಟ್ಟೆಯ ಹಾಗೆ ಹೊಳೆಯುವ ಆ ಮೇಪಲ್ ಮರವನ್ನು. ಆದರೆ ಆ ಗಿಟಾರಿನ ಗುಣ ಇರುವುದು ನೆಕ್‌ನಲ್ಲಿ, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಕುತ್ತಿಗೆಯಲ್ಲಿ. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೈಬಣ್ಣ ನೋಡಿ ದುಡ್ಡು ಎಣಿಸುವುದಿಲ್ಲ ಅಲ್ವಾ? ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಗಿಟಾರಿಗೂ ಅದೇ ಕ್ರಮ.

ಇಷ್ಟು ಜನ ಯಾಕೆ ಈ ಕಂಪನಿಯನ್ನು ಹಚ್ಚಿಕೊಂಡಿದ್ದಾರೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಿದ್ದರೆ ಆಯ್ಕೆ ಸುಲಭ. ಪಾಲ್ ರೀಡ್ ಸ್ಮಿತ್ ಅಮೆರಿಕದ ಮೇರಿಲ್ಯಾಂಡ್ ರಾಜ್ಯದವರು. ಅನಾಪೊಲಿಸ್ ಅನ್ನುವ ಊರಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ಗಿಟಾರ್ ರಿಪೇರಿ ಮಾಡುತ್ತಾ, ಒಂದೊಂದಾಗಿ ಕೈಯಿಂದ ಗಿಟಾರ್ ಕಟ್ಟುತ್ತಿದ್ದರು. ಕಟ್ಟಿದ ಗಿಟಾರ್ ಹಿಡಿದುಕೊಂಡು ದೊಡ್ಡ ಕಛೇರಿಗಳ ಸ್ಟೇಜಿನ ಹಿಂದೆ ಹೋಗಿ ಕಲಾವಿದರ ಕೈಗೇ ಕೊಡುತ್ತಿದ್ದರು. ಹೆಸರಾಂತ ಗಿಟಾರ್ ವಾದಕ ಕಾರ್ಲೋಸ್ ಸಂಟಾನಾ ಅವರ ಕೈಗೆ ಇವರ ಗಿಟಾರ್ ಸಿಕ್ಕಿದ್ದು 80ರ ದಶಕದ ಶುರುವಿನಲ್ಲಿ, ಆಮೇಲೆ ಅವರು ಬಿಡಲೇ ಇಲ್ಲ. ಕಂಪನಿ ಶುರುವಾಗಿದ್ದು 1985ರಲ್ಲಿ. ಕಸ್ಟಮ್ ಅನ್ನುವ ಮಾದರಿ ಅವತ್ತಿನಿಂದ ಇವತ್ತಿನವರೆಗೂ ನಡೆಯುತ್ತಿದೆ. ಈಗಿನ ಕಾರ್ಖಾನೆ ಅದೇ ರಾಜ್ಯದ ಸ್ಟೀವನ್ಸ್‌ವಿಲ್‌ನಲ್ಲಿದೆ.

ನನಗೆ ಈ ಮನುಷ್ಯನ ಮೇಲೆ ಗೌರವ ಬಂದಿದ್ದು ಬೇರೆ ಒಂದು ಸಂಗತಿಯಿಂದ. ಟೆಡ್ ಮೆಕಾರ್ಟಿ ಅಂತ ಒಬ್ಬರಿದ್ದರು. 1950ರಿಂದ 1966ರವರೆಗೆ ಗಿಬ್ಸನ್ ಕಂಪನಿಯ ಅಧ್ಯಕ್ಷರು. ಲೆಸ್ ಪಾಲ್ ಬಂದಿದ್ದು, ಗುಂಯ್ ಸದ್ದು ಇಲ್ಲದ ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವೇ ಪಿಕಪ್) ಬಂದಿದ್ದು, ಎಲ್ಲಾ ಅವರ ಕಾಲದಲ್ಲೇ. ಸ್ಮಿತ್ ಅವರು ಹಳೆಯ ಪೇಟೆಂಟ್ ದಾಖಲೆಗಳಲ್ಲಿ ಈ ಹೆಸರು ನೋಡಿ ಹುಡುಕಿಕೊಂಡು ಹೋದರು. ವಯಸ್ಸಾಗಿದ್ದ ಮೆಕಾರ್ಟಿ ಅವರನ್ನು ಸಲಹೆಗಾರರನ್ನಾಗಿ ಮಾಡಿಕೊಂಡು, ಹಳೆಯ ಗಿಟಾರುಗಳನ್ನು ಹೇಗೆ ಕಟ್ಟುತ್ತಿದ್ದಿರಿ, ಯಾವ ಅಂಟು ಹಾಕುತ್ತಿದ್ದಿರಿ ಅಂತ ಕೂತು ಕೇಳಿಸಿಕೊಂಡರು. 1994ರಲ್ಲಿ ಅವರ ಹೆಸರಿನಲ್ಲೇ ಒಂದು ಮಾದರಿ ತಂದರು. ಹಿಂದಿನವರ ಹತ್ತಿರ ಕಲಿತು ಅವರ ಹೆಸರು ಹೇಳಿಕೊಂಡು ಮಾಡುವ ಕೆಲಸ ಬೇರೆಯೇ ಇರುತ್ತದೆ. ಸಂಗೀತ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆಕ್ ಮುಂದೆ ಫ್ರೆಟ್ ಅನ್ನುವ ಲೋಹದ ಪಟ್ಟಿಗಳಿರುವ ಹಲಗೆಯೇ ಫ್ರೆಟ್‌ಬೋರ್ಡ್, ಅದರ ಮೇಲಿನ ಹಕ್ಕಿಗಳನ್ನು ನೋಡಿರುತ್ತೀರಿ. ಸ್ಮಿತ್ ಅವರ ತಾಯಿಗೆ ಹಕ್ಕಿ ನೋಡುವ ಹವ್ಯಾಸ. ಮನೆಯಲ್ಲಿದ್ದ ಅವರ ಹಕ್ಕಿ ಪುಸ್ತಕದ ಚಿತ್ರಗಳೇ ಗಿಟಾರ್ ಮೇಲೆ ಬಂದಿವೆ. ಝೇಂಕಾರದ ಹಕ್ಕಿ ಇದೆ, ಗಿಡುಗ ಇದೆ, ಕೊನೆಯಲ್ಲಿ ಕೊಂಬೆಯ ಮೇಲೆ ಕೂತ ಗೂಬೆ ಇದೆ. ನಮ್ಮ ಅಮ್ಮ ಮೊದಲ ಸಲ ನೋಡಿದಾಗ ಗೂಬೆ ಯಾಕೆ ಇಟ್ಟಿದ್ದಾರೆ ಅಂತ ಕೇಳಿದ್ದರು. ಅವರ ತಾಯಿಯ ಪುಸ್ತಕದ್ದು ಅಂದೆ. ಹಾಗಾದರೆ ಇರಲಿ ಅಂದರು.

ಈಗ ಅಳತೆಗೆ ಬರೋಣ. ಇಡೀ ಬರಹದಲ್ಲಿ ಇದನ್ನು ಮಾತ್ರ ನಿಧಾನವಾಗಿ ಓದಿ.

ನೆಕ್ ತುದಿಯ ನಟ್‌ನಿಂದ ಮೈ ಮೇಲಿನ ಬ್ರಿಜ್‌ವರೆಗೆ, ಅಂದರೆ ತಂತಿ ಕೂರುವ ಎರಡು ಆಸರೆಗಳ ನಡುವಿನ ಉದ್ದಕ್ಕೆ ಸ್ಕೇಲ್ ಅಂತಾರೆ. ಫೆಂಡರ್ ಸ್ಟ್ರಾಟ್‌ನಲ್ಲಿ ಇದು 25.5 ಇಂಚು. ಗಿಬ್ಸನ್ ಲೆಸ್ ಪಾಲ್‌ನಲ್ಲಿ 24.75. ಪಿಆರ್‌ಎಸ್ ಕಸ್ಟಮ್ 24ರಲ್ಲಿ ಸರಿಯಾಗಿ 25. ಅರ್ಧ ಇಂಚು, ಕಾಲು ಇಂಚು, ಇದರಲ್ಲೇನು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅದೇ ತಂತಿ ಹಾಕಿ ಅದೇ ಸ್ವರಕ್ಕೆ ಟ್ಯೂನ್ ಮಾಡಿದರೆ ಬಿಗಿತ ಉದ್ದದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕ್ಯಾಲ್ಕುಲೇಟರ್ ಹಿಡಿದು ನೋಡಿ: ಸ್ಟ್ರಾಟ್‌ನ ತಂತಿ ಲೆಸ್ ಪಾಲ್‌ಗಿಂತ ಸುಮಾರು 6% ಜಾಸ್ತಿ ಬಿಗಿ. ಪಿಆರ್‌ಎಸ್ ಲೆಸ್ ಪಾಲ್‌ಗಿಂತ 2% ಬಿಗಿ, ಸ್ಟ್ರಾಟ್‌ಗಿಂತ 4% ಸಡಿಲ. ನಮ್ಮ ಹಾಡುಗಳಲ್ಲಿ ಸ್ವರ ಎಳೆಯುವುದು ಜಾಸ್ತಿ. ಶಹನಾಯಿಯ ತುಣುಕನ್ನೋ ವೀಣೆಯ ಗಮಕವನ್ನೋ ಗಿಟಾರಿನಲ್ಲಿ ತರಬೇಕು ಅಂದರೆ ತಂತಿ ಬಗ್ಗಬೇಕು, ಮೂರು ಗಂಟೆ ಬಗ್ಗುತ್ತಲೇ ಇರಬೇಕು. ಸ್ಟ್ರಾಟ್‌ನಲ್ಲಿ ಎರಡನೇ ಗಂಟೆಗೆ ನನ್ನ ಉಂಗುರದ ಬೆರಳು ಸೋಲುತ್ತಿತ್ತು. ಲೆಸ್ ಪಾಲ್‌ನಲ್ಲಿ ಸುಖವಾಗಿ ಬಗ್ಗುತ್ತಿತ್ತು, ಆದರೆ ಆರ್ಪೆಜಿಯೊ, ಅಂದರೆ ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ನುಡಿಸಿದಾಗ ಕೆಳಗಿನ ತಂತಿಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕೇಳುತ್ತಿತ್ತು. 25 ಇಂಚಿನಲ್ಲಿ ಎರಡೂ ಸರಿಹೋಯಿತು. ನನ್ನ ಕೈಗೆ, ನನ್ನ ಹಾಡುಗಳಿಗೆ ಸರಿಹೋಯಿತು ಅನ್ನುವುದನ್ನು ಒತ್ತಿ ಹೇಳುತ್ತೇನೆ.

ಇನ್ನೊಂದು ಅಳತೆ ಫ್ರೆಟ್‌ಬೋರ್ಡಿನ ಉಬ್ಬು, ಅಂದರೆ ರೇಡಿಯಸ್. ಹಳೆಯ ಕಾಲದ ಸ್ಟ್ರಾಟ್ 7.25 ಇಂಚು, ಈಗಿನ ಹೆಚ್ಚಿನ ಫೆಂಡರ್‌ಗಳು 9.5, ಗಿಬ್ಸನ್ 12, ಪಿಆರ್‌ಎಸ್ 10. ಅಂಕಿ ಸಣ್ಣದಾದಷ್ಟೂ ಉಬ್ಬು ಜಾಸ್ತಿ. ಉಬ್ಬು ಜಾಸ್ತಿಯಿದ್ದರೆ ಕಾರ್ಡ್ ಹಿಡಿಯಲು ಹಿತ, ಆದರೆ ತಂತಿಯನ್ನು ತಗ್ಗಿಸಿಟ್ಟು ಮೇಲಿನ ಫ್ರೆಟ್‌ನಲ್ಲಿ ಜೋರಾಗಿ ಎಳೆದರೆ ಸ್ವರ ಅಲ್ಲೇ ಸತ್ತುಹೋಗುತ್ತದೆ. 10 ಅನ್ನುವುದು ಇಲ್ಲೂ ನಡುವಿನ ದಾರಿ.

ಮತ್ತೆ ಕಸ್ಟಮ್ 24ರ ಹೆಸರಿನಲ್ಲಿರುವ ಆ 24 ಫ್ರೆಟ್. ಲೆಸ್ ಪಾಲ್‌ನಲ್ಲಿ 22, ಸ್ಟ್ರಾಟ್‌ನಲ್ಲಿ 21 ಇಲ್ಲವೇ 22. ಆರ್ಕೆಸ್ಟ್ರಾದಲ್ಲಿ ಪಿಟೀಲು, ಕೊಳಲಿನವರು ಎಲ್ಲಾ ಕಾರ್ಯಕ್ರಮಕ್ಕೂ ಬರುವುದಿಲ್ಲ. ಅವರ ಭಾಗ ಬಂದು ಬೀಳುವುದು ಕೀಬೋರ್ಡಿಗೆ, ಇಲ್ಲದಿದ್ದರೆ ನಮಗೆ. ಆಗ ಮೇಲಿನ ಎರಡು ಫ್ರೆಟ್ ತುಂಬಾ ಕೆಲಸಕ್ಕೆ ಬರುತ್ತವೆ. ಇದಕ್ಕೆ ಒಂದು ಬೆಲೆಯೂ ಇದೆ. ಫ್ರೆಟ್ ಜಾಸ್ತಿಯಾದಾಗ ನೆಕ್ ಪಿಕಪ್ ಬ್ರಿಜ್ ಕಡೆಗೆ ಸರಿಯಬೇಕು, ಹಾಗಾಗಿ ನೆಕ್ ಪಿಕಪ್ಪಿನ ಆ ದುಂಡು ನಾದ ಸ್ವಲ್ಪ ತೆಳುವಾಗುತ್ತದೆ. ಬ್ಲೂಸ್ ನುಡಿಸುವವರಿಗೆ ಇದು ದೊಡ್ಡ ವಿಷಯ. ಅವರು 22 ಫ್ರೆಟ್ಟಿನ ಮೆಕಾರ್ಟಿ 594 ನೋಡಲಿ. ಅದರ ಸ್ಕೇಲ್ 24.594 ಇಂಚು, ಹೆಸರೇ ಅಲ್ಲಿಂದ ಬಂದಿದೆ. ನೆಕ್ ದಪ್ಪ, ಲೆಸ್ ಪಾಲ್ ಪ್ರೀತಿಸುವವರಿಗೆ ಒಗ್ಗುತ್ತದೆ.

ಎಸ್‌ಇ, ಎಸ್2, ಕೋರ್: ದುಡ್ಡು ಎಲ್ಲಿಗೆ ಹೋಗುತ್ತದೆ?

ಎಸ್‌ಇ ಶುರುವಾಗಿದ್ದು 2001ರಲ್ಲಿ, ಆಗ ಕೊರಿಯಾದಲ್ಲಿ ಮಾಡುತ್ತಿದ್ದರು. ಈಗಿನ ಎಸ್‌ಇ ಎಲೆಕ್ಟ್ರಿಕ್‌ಗಳಲ್ಲಿ ಹೆಚ್ಚಿನವು ಇಂಡೋನೇಷ್ಯಾದವು. ಎಸ್2 ಬಂದಿದ್ದು 2013ರಲ್ಲಿ, ಅದು ಸ್ಟೀವನ್ಸ್‌ವಿಲ್ ಕಾರ್ಖಾನೆಯದೇ, ಕೆಲಸ ಸ್ವಲ್ಪ ಸರಳ. ಕೋರ್ ಅಂದರೆ ಪೂರ್ತಿ ಕೆಲಸದ ಗಿಟಾರ್. ಒಂದು ಕೋರ್ ಬೆಲೆಯಲ್ಲಿ ಹೆಚ್ಚು ಕಡಿಮೆ ನಾಲ್ಕು ಎಸ್‌ಇ ಬರುತ್ತವೆ, ಎಸ್2 ನಡುವೆ ಬರುತ್ತದೆ. ರೂಪಾಯಿ ಲೆಕ್ಕ ಡಾಲರ್ ಜೊತೆ ಏರಿ ಇಳಿಯುತ್ತದೆ, ಅದನ್ನು ಕೊಳ್ಳುವ ವಾರದಲ್ಲೇ ವಿಚಾರಿಸಿ.

ಎಸ್‌ಇ ಕಸ್ಟಮ್ 24ರ ಮುಂದೆ ಕಾಣುವ ಹುಲಿಪಟ್ಟೆ ಕಾಗದದಷ್ಟು ತೆಳುವಾದ ಒಂದು ಪದರ. ಅದರ ಕೆಳಗೆ ಸಾದಾ ಮೇಪಲ್, ಅದರ ಕೆಳಗೆ ಮಹಾಗನಿ. ಕೋರ್‌ನಲ್ಲಿ ಹಾಗಲ್ಲ, ಪಟ್ಟೆಯಿರುವ ಮೇಪಲ್ ಹಲಗೆಯೇ ದಪ್ಪವಾಗಿದ್ದು ಅದನ್ನೇ ಪಿಟೀಲಿನ ಹಾಗೆ ಕೆತ್ತಿರುತ್ತಾರೆ. ತುಂಬಾ ಚೆಂದದ ಹಲಗೆಗೆ 10 ಟಾಪ್ ಅಂತ ಹೆಸರಿಟ್ಟು ಜಾಸ್ತಿ ದುಡ್ಡು ತೆಗೆದುಕೊಳ್ಳುತ್ತಾರೆ. ನೋಡಲು ನಿಜವಾಗಲೂ ಚೆಂದ, ಬೆಂಗಳೂರಿನ ಅಂಗಡಿಯಲ್ಲಿ ಬೆಳಕಿಗೆ ಹಿಡಿದು ಓರೆ ಮಾಡಿದಾಗ ಪಟ್ಟೆಗಳು ನೀರಿನ ಅಲೆಯ ಹಾಗೆ ಓಡಾಡಿದವು, ನಾನು ಸ್ವಲ್ಪ ಹೊತ್ತು ನುಡಿಸುವುದನ್ನೇ ಮರೆತು ನಿಂತಿದ್ದೆ. ಆದರೆ ಆ ಪಟ್ಟೆಗಾಗಿ ನಾನು ಸಾಲ ಮಾಡುವುದಿಲ್ಲ.

ಸಾಲ ಮಾಡಬೇಕು ಅನ್ನಿಸಿದ್ದು ನೆಕ್ ಹಿಡಿದಾಗ. ಕೋರ್‌ನ ನೆಕ್ ಮಹಾಗನಿಯದು, ಎಸ್‌ಇಯದು ಮೇಪಲ್ ತುಂಡುಗಳನ್ನು ಅಂಟಿಸಿ ಮಾಡಿದ್ದು. ಗಟ್ಟಿತನದಲ್ಲಿ ಮೇಪಲ್ ಏನೂ ಕಡಿಮೆ ಇಲ್ಲ. ವ್ಯತ್ಯಾಸ ಇರುವುದು ಅಂಚಿನಲ್ಲಿ. ಕೋರ್‌ನಲ್ಲಿ ಹೆಬ್ಬೆರಳು ಮೊದಲ ಫ್ರೆಟ್‌ನಿಂದ ಹನ್ನೆರಡರವರೆಗೆ ಜಾರುವಾಗ ಎಲ್ಲೂ ಒಂದು ಗೀರು, ಒಂದು ತಡೆ ಸಿಗುವುದಿಲ್ಲ. ಫ್ರೆಟ್ಟಿನ ತುದಿಗಳನ್ನು ದುಂಡಗೆ ಉಜ್ಜಿರುತ್ತಾರೆ, ಹತ್ತು ವರ್ಷ ಯಾರೋ ನುಡಿಸಿ ನಯ ಮಾಡಿಕೊಟ್ಟ ಹಾಗೆ ಇರುತ್ತದೆ. ಟ್ಯೂನರ್‌ಗಳು ತಂತಿಯನ್ನು ಹಿಡಿದು ಬೀಗ ಹಾಕುವಂಥವು. ಎಸ್‌ಇ ಕಸ್ಟಮ್ 24ರ ಸಾಮಾನ್ಯ ಮಾದರಿಯಲ್ಲಿ ಸಾದಾ ಟ್ಯೂನರ್. ನಾನು ನುಡಿಸಿದ ಕೋರ್‌ನಲ್ಲಿ ಪಿಕಪ್ಪುಗಳ ಹೆಸರು 85/15, ಎಸ್‌ಇಯಲ್ಲಿ ಕೊನೆಗೆ ಒಂದು ಎಸ್ ಸೇರಿರುತ್ತದೆ. ಒಂದೇ ನಕ್ಷೆ, ಕೆಲಸದ ಜಾಗ ಬೇರೆ. ಸ್ಟೇಜಿನ ಮುಂದೆ ಕೂತ ಜನಕ್ಕೆ ಈ ವ್ಯತ್ಯಾಸ ಕೇಳುವುದಿಲ್ಲ. ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿ ನುಡಿಸುವ ನಿಮಗೆ ಕೇಳುತ್ತದೆ.

ಹಾಗಾದರೆ ಎಸ್2? ನನ್ನ ಲೆಕ್ಕದಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇದೇ ಎಲ್ಲಕ್ಕಿಂತ ಒಳ್ಳೆಯ ವ್ಯಾಪಾರ. ಮೈಯ ಕೆತ್ತನೆ ಸರಳ, ಅಂಚನ್ನು ಓರೆಯಾಗಿ ಇಳಿಸಿ ಬಿಟ್ಟಿರುತ್ತಾರೆ. ಆದರೆ ನೆಕ್ ಕೆಲಸ ಸ್ಟೀವನ್ಸ್‌ವಿಲ್‌ನ ಕೈಯದು. ಹಳೆಯ ಎಸ್2ಗಳಲ್ಲಿ ಪಿಕಪ್ ಹೊರಗಿನಿಂದ ತರಿಸಿದ್ದು ಇರುತ್ತದೆ. ಪಿಕಪ್ ಯಾವಾಗ ಬೇಕಾದರೂ ಬದಲಿಸಬಹುದು, ನೆಕ್ ಬದಲಿಸಲು ಆಗುವುದಿಲ್ಲ.

ಸಿಲ್ವರ್ ಸ್ಕೈ ಬಗ್ಗೆಯೂ ಕೇಳುತ್ತಾರೆ. ಅದು ಪಿಆರ್‌ಎಸ್ ಗಿಟಾರ್ ವಾದಕ ಜಾನ್ ಮೇಯರ್ ಅವರಿಗಾಗಿ 2018ರಲ್ಲಿ ಮಾಡಿದ ಮಾದರಿ, 2022ರಲ್ಲಿ ಎಸ್‌ಇ ಆಗಿಯೂ ಬಂತು. ಸ್ಕೇಲ್ 25.5 ಇಂಚು, ಮೂರು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್. ಸ್ಟ್ರಾಟ್ ನಾದ ಬೇಕು, ಪಿಆರ್‌ಎಸ್ ಕೈಕೆಲಸ ಬೇಕು ಅನ್ನುವವರಿಗೆ ಸರಿ. ಎಸ್‌ಇಯಲ್ಲಿ ರೇಡಿಯಸ್ 8.5, ಅಮೆರಿಕದ್ದರಲ್ಲಿ 7.25, ಹಾಗಾಗಿ ಬೆಂಡ್ ಜಾಸ್ತಿ ಮಾಡುವವರಿಗೆ ಅಗ್ಗದ್ದೇ ಹಿತ ಅಂತ ನನ್ನ ಅನಿಸಿಕೆ.

ನಮ್ಮ ಊರಿನ ಸ್ಟೇಜಿಗೆ ಯಾವುದು?

ವಿಡಿಯೋ ನೋಡಿ ಆರಿಸುವವರು ಮರೆಯುವುದು ಇದನ್ನೇ. ಆ ವಿಡಿಯೋದಲ್ಲಿ ಪಕ್ಕದಲ್ಲಿ ಜನರೇಟರ್ ಓಡುತ್ತಿರುವುದಿಲ್ಲ. ನಮ್ಮ ಪೆಂಡಾಲಿನಲ್ಲಿ ಸೀರಿಯಲ್ ಲೈಟು, ಡಿಮ್ಮರ್, ಎಲ್‌ಇಡಿ ಪರದೆ, ಎಲ್ಲವೂ ಒಂದೇ ಲೈನಿನಲ್ಲಿ. ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಒಂದು ಆಂಟೆನಾ ಇದ್ದ ಹಾಗೆ, 50 ಹರ್ಟ್ಸ್ ಗುಂಯ್ ಸದ್ದನ್ನು ಪೂರ್ತಿ ಹೀರಿಕೊಳ್ಳುತ್ತದೆ. ನಿರೂಪಕರು ಮಾತಾಡುವಾಗ ಹಿಂದೆ ಅದು ಕೇಳುತ್ತಲೇ ಇರುತ್ತದೆ. ಸ್ಟ್ರಾಟ್‌ನಲ್ಲಿ ಎರಡನೇ, ನಾಲ್ಕನೇ ಸ್ಥಾನದಲ್ಲಿ ಎರಡು ಪಿಕಪ್ ಒಟ್ಟಿಗೆ ಕೆಲಸ ಮಾಡುವುದರಿಂದ ಹೆಚ್ಚಿನ ಗಿಟಾರುಗಳಲ್ಲಿ ಸದ್ದು ಅಡಗುತ್ತದೆ, ಉಳಿದ ಕಡೆ ಇಲ್ಲ. ಹಂಬಕರ್‌ನಲ್ಲಿ ಎರಡು ಸುರುಳಿ ಒಂದಕ್ಕೊಂದು ವಿರುದ್ಧ ಕೂತಿರುವುದರಿಂದ ಆ ಸದ್ದು ತಾನೇ ಕಳೆದುಹೋಗುತ್ತದೆ. ಎಸ್‌ಇ ಕಸ್ಟಮ್ 24ರಲ್ಲಿ ಟೋನ್ ನಾಬ್ ಮೇಲೆತ್ತಿದರೆ ಹಂಬಕರ್ ಸಿಂಗಲ್ ಕಾಯಿಲ್ ಹಾಗೆ ಆಗುತ್ತದೆ. ಪಲ್ಲವಿಗೆ ತೆಳುವಾದ ಕ್ಲೀನ್ ಸದ್ದು, ಇಂಟರ್‌ಲ್ಯೂಡ್‌ಗೆ ನಾಬ್ ಒತ್ತಿ ದಪ್ಪ ಲೀಡ್. ಒಂದೇ ಗಿಟಾರ್, ಇಡೀ ರಾತ್ರಿ. ಮೇಲೆತ್ತಿದಾಗ ಗುಂಯ್ ಸದ್ದೂ ವಾಪಸ್ ಬರುತ್ತದೆ ಅನ್ನುವುದು ನೆನಪಿರಲಿ.

ಇಲ್ಲೇ ಇನ್ನೊಂದು ಮಾತು. ಅರ್ಥಿಂಗ್ ಸರಿಯಿಲ್ಲದ ಸ್ಟೇಜಿನಲ್ಲಿ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯುತ್ತದೆ. ನನಗೆ ಎರಡು ಸಲ ಹೊಡೆದಿದೆ. ಯಾವ ಗಿಟಾರ್ ಕೊಂಡರೂ ಬ್ಯಾಗಿನಲ್ಲಿ ಒಂದು ಟೆಸ್ಟರ್ ಇರಲಿ, ಮೈಕ್ ಮುಟ್ಟುವ ಮೊದಲು ನೋಡಿಕೊಳ್ಳಿ.

ಆಮೇಲೆ ಬಸ್ಸು. ಹರಿಹರ, ಜಗಳೂರು, ಹೊನ್ನಾಳಿ, ಚಿತ್ರದುರ್ಗ, ಎಲ್ಲಾ ಕಡೆ ಗಿಟಾರ್ ನಮ್ಮ ಜೊತೆ ಕುಲುಕುತ್ತಾ ಬರಬೇಕು. ಲೆಸ್ ಪಾಲ್‌ನ ತಲೆ ಹಿಂದಕ್ಕೆ ಜಾಸ್ತಿ ಬಾಗಿದೆ, ಅದೇ ಜಾಗದಲ್ಲಿ ಟ್ರಸ್ ರಾಡಿಗಾಗಿ (ನೆಕ್ ಬಾಗದಂತೆ ಒಳಗೆ ಹಾಕುವ ಲೋಹದ ಸರಳು) ಮರ ಕೊರೆದಿರುತ್ತದೆ. ಸ್ಟ್ಯಾಂಡಿನಿಂದ ಬಿದ್ದರೆ ಕುತ್ತಿಗೆಯಲ್ಲೇ ಮುರಿಯುತ್ತದೆ ಅನ್ನುವುದು ರಿಪೇರಿ ಮಾಡುವವರೆಲ್ಲ ಹೇಳುವ ಮಾತು. ತೂಕವೂ ಜಾಸ್ತಿ. ಗಟ್ಟಿತನ ಒಂದನ್ನೇ ನೋಡುವುದಾದರೆ ಸ್ಟ್ರಾಟ್ ಎಲ್ಲರಿಗಿಂತ ಮುಂದೆ, ತಲೆ ನೇರ, ನೆಕ್ ಬೋಲ್ಟ್ ಹಾಕಿ ಕೂರಿಸಿದ್ದು, ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಪಿಆರ್‌ಎಸ್‌ನಲ್ಲೂ ಬೋಲ್ಟ್ ನೆಕ್ ಬೇಕು ಅನ್ನುವವರಿಗೆ ಸಿಇ ಅನ್ನುವ ಮಾದರಿ ಇದೆ. ಟ್ಯೂನಿಂಗ್ ನಿಲ್ಲುವ ವಿಷಯದಲ್ಲಿ ಪಿಆರ್‌ಎಸ್ ಮುಂದೆ. ತಂತಿಗಳು ನಟ್ ದಾಟಿ ಹೆಚ್ಚು ಕಡಿಮೆ ನೇರವಾಗಿ ಟ್ಯೂನರಿಗೆ ಹೋಗುತ್ತವೆ, ಲೆಸ್ ಪಾಲ್‌ನ ಡಿ ಮತ್ತು ಜಿ ತಂತಿ ಹಾಗೆ ಪಕ್ಕಕ್ಕೆ ತಿರುಗಿ ನಟ್‌ನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಹಾಡಿನ ನಡುವೆ ಟ್ಯೂನ್ ಮಾಡಲು ಸಮಯ ಸಿಗದ ನಮಗೆ ಇದೇ ದೊಡ್ಡ ಉಪಕಾರ.

ಬಿಸಿಲು ಯಾವ ಕಂಪನಿಯನ್ನೂ ಬಿಡುವುದಿಲ್ಲ. ಮಾರ್ಚ್, ಏಪ್ರಿಲ್‌ನ ಒಣ ಗಾಳಿಗೆ ಫ್ರೆಟ್‌ಬೋರ್ಡ್ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ, ತುದಿಗಳು ಹೊರಗೆ ಬಂದು ಕೈ ಗೀರುತ್ತವೆ. ಇಂಡಿಯನ್ ರೋಸ್‌ವುಡ್ ಅಂತ ಪ್ರಪಂಚವೆಲ್ಲ ಕರೆಯುವ ಮರ ನಮ್ಮ ಮಲೆನಾಡಿನ ಬೀಟೆಯೇ. ಅದಕ್ಕೂ ವರ್ಷಕ್ಕೆ ಎರಡು ಸಲ ಸ್ವಲ್ಪ ಎಣ್ಣೆ ಬೇಕು. ಮಳೆ ಶುರುವಾದಾಗ ಒಮ್ಮೆ, ಬೇಸಿಗೆ ಶುರುವಾದಾಗ ಒಮ್ಮೆ ಟ್ರಸ್ ರಾಡ್ ನೋಡಿಸಿ. ನನ್ನ ಮೊದಲ ಗಿಟಾರನ್ನು ಹೀಗೇ ಒಬ್ಬರ ಕೈಗೆ ಕೊಟ್ಟಿದ್ದೆ, ಅವರು ರಾಡನ್ನು ಬಲವಾಗಿ ತಿರುಗಿಸಿ ನೆಕ್ ತಿರುಚಿಬಿಟ್ಟರು. ಆವತ್ತೇ ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೇ ತಿರುಗಿಸಬಾರದು ಅಂತ ಕಲಿತು, ಈಗ ಆ ಕೆಲಸ ನಾನೇ ಮಾಡಿಕೊಳ್ಳುತ್ತೇನೆ.

ಇಷ್ಟು ಹೇಳಿದ ಮೇಲೆ ನನ್ನ ತೀರ್ಮಾನ. ಆರ್ಕೆಸ್ಟ್ರಾದಲ್ಲಿ ನುಡಿಸುವವರು ಎಸ್‌ಇ ಕಸ್ಟಮ್ 24 ತೆಗೆದುಕೊಳ್ಳಿ, ಎರಡನೇ ಯೋಚನೆ ಬೇಡ. ಉಳಿದ ದುಡ್ಡಿನಲ್ಲಿ ಲಾಕಿಂಗ್ ಟ್ಯೂನರ್, ಒಳ್ಳೆಯ ಸೆಟಪ್, ಗಿಟಾರ್ ಸದ್ದನ್ನು ಹದ ಮಾಡುವ ಒಂದು ಪ್ರೊಸೆಸರ್. ಗಿಟಾರನ್ನು ನೇರವಾಗಿ ಮಿಕ್ಸರ್‌ಗೆ ಚುಚ್ಚಿದರೆ ಇಂಪೀಡೆನ್ಸ್ ಹೊಂದದೆ ಮೇಲಿನ ಸ್ವರಗಳ ಹೊಳಪು ಹೋಗುತ್ತದೆ, ನಾಲ್ಕು ಲಕ್ಷದ ಗಿಟಾರೂ ಡಬ್ಬದ ಹಾಗೆ ಕೇಳುತ್ತದೆ. ಹಾಡಿನ ಜೊತೆ ಬರೀ ಕಾರ್ಡ್ ಮತ್ತು ಕ್ಲೀನ್ ನುಡಿಸುವವರಿಗೆ ಒಳ್ಳೆಯ ಸ್ಟ್ರಾಟ್ ಸಾಕು. ರಾಕ್, ಬ್ಲೂಸ್ ಅಂತ ಕಾಲೇಜು ಬ್ಯಾಂಡ್ ಕಟ್ಟಿಕೊಂಡವರು ಲೆಸ್ ಪಾಲ್ ಮತ್ತು ಎಸ್‌ಇ 594 ಎರಡನ್ನೂ ಪಕ್ಕಪಕ್ಕ ಇಟ್ಟು ನುಡಿಸಿ. ಸ್ಟುಡಿಯೋದಲ್ಲಿ ಕೂತು ನುಡಿಸುವವರು, ಕೈಯಲ್ಲಿ ದುಡ್ಡೂ ಇರುವವರು, ಕೋರ್ ಕೊಳ್ಳಿ, ಅದು ಆ ಬೆಲೆಗೆ ಯೋಗ್ಯವಾದ ವಸ್ತು. ಆದರೆ ಇಎಂಐ ಕಟ್ಟಲು ಆರು ತಿಂಗಳ ಕಾರ್ಯಕ್ರಮದ ದುಡ್ಡು ಬೇಕು ಅನ್ನುವ ಹುಡುಗ ಕೋರ್ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಕೊಳ್ಳುವ ಮೊದಲು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬನ್ನಿ. ಕೈಯಲ್ಲಿ ಹಿಡಿದು ನೋಡದೆ ಆನ್‌ಲೈನಿನಲ್ಲಿ ತರಿಸಿ ಆಮೇಲೆ ಪಶ್ಚಾತ್ತಾಪ ಪಡುವುದಕ್ಕಿಂತ ಆ ಟಿಕೆಟ್ ದುಡ್ಡು ವಾಸಿ. ಅಂಗಡಿಯಲ್ಲಿ ಗಿಟಾರ್ ಕೈಗೆ ಬಂದ ತಕ್ಷಣ ಮಗುಚಿ ಹಿಡಿದು ನೆಕ್ ಮೇಲೆ ಹೆಬ್ಬೆರಳು ಓಡಿಸಿ. ಪ್ಲಗ್ ಹಾಕದೆ ಹತ್ತು ನಿಮಿಷ ನುಡಿಸಿ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒಮ್ಮೆ ಒತ್ತಿ, ಎಲ್ಲಾದರೂ ಝರ್ ಅಂದರೆ ಕೇಳಿ. ಟ್ರೆಮೊಲೊ ಕೈ ಹತ್ತು ಸಲ ಜೋರಾಗಿ ಒತ್ತಿ ಬಿಟ್ಟು ಟ್ಯೂನಿಂಗ್ ನಿಂತಿದೆಯಾ ನೋಡಿ. ಒಂದೇ ಮಾದರಿಯ ಎರಡು ಗಿಟಾರ್ ಇದ್ದರೆ ಎರಡನ್ನೂ ಹಿಡಿಯಿರಿ, ಒಂದೇ ಕಾರ್ಖಾನೆಯ ಎರಡು ಮರದ ತುಂಡು ಒಂದೇ ಥರ ಇರುವುದಿಲ್ಲ. ನಿಮ್ಮ ಪ್ರೊಸೆಸರ್, ನಿಮ್ಮ ಕೇಬಲ್ ಜೊತೆಗೇ ಒಯ್ಯಿರಿ. ಅಂಗಡಿಯಲ್ಲಿರುವ ದೊಡ್ಡ ಟ್ಯೂಬ್ ಆಂಪ್ ನಾಳೆ ಹರಿಹರದ ಸ್ಟೇಜಿಗೆ ನಿಮ್ಮ ಜೊತೆ ಬರುವುದಿಲ್ಲ.